ಠಸ್ಸೆ ಬಿದ್ದ ಕವಿಗಳು

ಲೇಖಕರ ಅಂಚೆಚೀಟಿ ಅಂದಮೇಲೆ ಅದರ ಮೇಲೆ ಠಸ್ಸೆ ಬಿದ್ದಿರಲೇಬೇಕು. ಇದು ನನ್ನ ಹಟ. ಪಕ್ಕದ ಮನೆಯ ರಾಯರದು ಇದಕ್ಕೆ ತದ್ವಿರುದ್ಧ. ಬ್ಯಾಂಕಿನಿಂದ ನಿವೃತ್ತರಾದವರು, ವಯಸ್ಸಿನಲ್ಲೂ ನನಗಿಂತ ಹಿರಿಯರು, ಚೀಟಿ ಕೂಡಿಹಾಕುವುದರಲ್ಲೂ ಹಿರಿಯರು. ಅವರ ಆಲ್ಬಂನಲ್ಲಿ ಒಂದೇ ಒಂದು ಚೀಟಿಗೂ ಮಸಿ ತಾಗಿಲ್ಲ. ಹಿಂಬದಿಯ ಗೋಂದು ಕೂಡ ಅಚ್ಚಾದ ದಿನ ಹೇಗಿತ್ತೋ ಹಾಗೇ ಇದೆ. ಬೆಳಗಿನ ಹೊತ್ತು ಅವರು ದಾಸವಾಳಕ್ಕೆ ನೀರು ಹಾಕಲು, ನಾನು ಬಟ್ಟೆ ಹರವಲು ಹೊರಗೆ ಬಂದರೆ ಕಾಂಪೌಂಡಿನ ಮೇಲೆ ವಾದ ಶುರು. ಅವರ ಮನೆಯಿಂದ “ತಿಂಡಿ ಆರಿಹೋಗ್ತಿದೆ” ಅಂತ ಕೂಗು ಬರುವತನಕ ಅದು ಮುಗಿಯುವುದಿಲ್ಲ.

“ಅಲ್ಲಮ್ಮಾ, ಬೇಂದ್ರೆಯವರ ಮುಖಕ್ಕೆ ಮಸಿ ಮೆತ್ತಿರೋದನ್ನ ತಂದು ಜೋಪಾನ ಮಾಡ್ತೀರಲ್ಲ, ಇದ್ಯಾವ ಸೀಮೆ ಗೌರವ?” ಅನ್ನುತ್ತಾರೆ ರಾಯರು.

“ರಾಯರೇ, ಆ ಮಸಿ ಬಿದ್ದದ್ದಕ್ಕೇ ಅದು ಅಂಚೆಚೀಟಿ. ಇಲ್ಲದಿದ್ದರೆ ಬರೀ ಚಿತ್ರ” ಅನ್ನುತ್ತೇನೆ ನಾನು.

ಮಾತಿಗೆ ಮಾತು ಅಂತ ಹೇಳುವುದಲ್ಲ ಇದು. ಲೇಖಕರಿಗೆ ಊರಿನವರು ಸಲ್ಲಿಸುವ ಗೌರವಗಳನ್ನೆಲ್ಲ ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಸರ್ಕಲ್ಲಿನಲ್ಲಿ ಪ್ರತಿಮೆ ನಿಲ್ಲಿಸುತ್ತಾರೆ, ರಸ್ತೆಗೆ ಹೆಸರಿಡುತ್ತಾರೆ, ಸಭಾಂಗಣ ಕಟ್ಟುತ್ತಾರೆ. ಅಲ್ಲಿಗೆಲ್ಲ ನಾವೇ ಹೋಗಬೇಕು. ಚೀಟಿಯೊಂದೇ ಕೆಲಸಕ್ಕೆ ಹೊರಡುವ ಗೌರವ. ಯಾರೋ ಬರೆದ ಕಾಗದವನ್ನು ಹೊತ್ತುಕೊಂಡು, ಗೋಣಿಚೀಲದಲ್ಲಿ ಕೂತು, ರೈಲಿನಲ್ಲಿ ರಾತ್ರಿ ಕಳೆದು, ಸೈಕಲ್ಲಿನಲ್ಲಿ ಬೀದಿ ಸುತ್ತಿ, ಕೊನೆಗೆ ಯಾರದೋ ಮನೆ ಬಾಗಿಲು ತಟ್ಟುತ್ತದೆ. ಜೀವಮಾನವಿಡೀ ಊರೂರಿಗೆ ಮಾತು ಮುಟ್ಟಿಸಿದವರಿಗೆ ಇದಕ್ಕಿಂತ ಒಪ್ಪುವ ಗೌರವ ಯಾವುದಿದೆ? ಹಾಗಿರುವಾಗ ಅಚ್ಚಾದ ಚೀಟಿಯನ್ನು ಕೌಂಟರಿನಿಂದ ನೇರ ಆಲ್ಬಂಗೆ ಸೇರಿಸಿಬಿಟ್ಟರೆ ಕವಿಯನ್ನು ಹೊಸಿಲು ದಾಟಲು ಬಿಡದೆ ಕೂಡಿಹಾಕಿದ ಹಾಗಾಯಿತು.

ರಾಯರ ಪಕ್ಷದಲ್ಲೂ ಹುರುಳಿದೆ, ಒಪ್ಪುತ್ತೇನೆ. ಅವರ ಆಲ್ಬಂನ ಮೊದಲ ಪುಟ ನೋಡಿದವರಿಗೆ ಬೇರೆ ವಾದ ಬೇಕಿಲ್ಲ. 1952ರ ಅಕ್ಟೋಬರ್ 1ರಂದು ಹೊರಬಂದ ‘ಸಂತರು ಮತ್ತು ಕವಿಗಳು’ ಮಾಲೆಯ ಆರು ಚೀಟಿಗಳು ಅಲ್ಲಿವೆ. ಹಸಿರು ಬಣ್ಣದಲ್ಲಿ ಕಬೀರ, 9 ಪೈ. ಕೆಂಪಿನಲ್ಲಿ ತುಳಸೀದಾಸ, 1 ಆಣೆ. ಕಿತ್ತಳೆಗೆಂಪಿನಲ್ಲಿ ಮೀರಾ, 2 ಆಣೆ. ನೀಲಿಯಲ್ಲಿ ಸೂರದಾಸ, 4 ಆಣೆ. ತಿಳಿನೇರಳೆಯಲ್ಲಿ ಗಾಲಿಬ್, ನಾಲ್ಕೂವರೆ ಆಣೆ. ಕಂದಿನಲ್ಲಿ ಟಾಗೋರ್, 12 ಆಣೆ. ಆರಕ್ಕೂ ಸೇರಿಸಿದರೆ ಒಂದೂವರೆ ರೂಪಾಯಿ, ಮೇಲೆ ಮೂರು ಪೈ. ಅಂದಿನ ಕಾಲಕ್ಕೆ ಹುಡುಗರ ಕೈಗೆ ಸುಲಭಕ್ಕೆ ಸಿಗುವ ದುಡ್ಡಲ್ಲ.

ನಾಸಿಕದ ಇಂಡಿಯಾ ಸೆಕ್ಯುರಿಟಿ ಪ್ರೆಸ್ಸಿನಲ್ಲಿ ಫೋಟೋಗ್ರೇವ್ಯೂರ್ ವಿಧಾನದಲ್ಲಿ ಅಚ್ಚಾದ ಚೀಟಿಗಳು ಇವು. ಈ ವಿಧಾನದಲ್ಲಿ ಅಚ್ಚಿನ ಸಿಲಿಂಡರಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳಿರುತ್ತವೆ. ಗುಳಿ ಆಳವಿದ್ದಲ್ಲಿ ಶಾಯಿ ಹೆಚ್ಚು ನಿಲ್ಲುತ್ತದೆ, ಬಣ್ಣ ಗಾಢವಾಗುತ್ತದೆ. ಆಳ ಕಡಿಮೆಯಾದಲ್ಲಿ ತೆಳುವಾಗುತ್ತದೆ. ಗೆರೆಗಳನ್ನು ಒತ್ತೊತ್ತಾಗಿ ಎಳೆದು ನೆರಳು ತೋರಿಸುವ ಗೋಜಿಲ್ಲದೆ ಟಾಗೋರರ ಗಡ್ಡದ ನೆರಳುಬೆಳಕು ನಯವಾಗಿ ಮೂಡುವುದು ಹೀಗೆ. ರಾಯರು ಭೂತಗನ್ನಡಿ ಹಿಡಿದು ಇದನ್ನು ತೋರಿಸಿದಾಗ ಅವರ ಕೈ ಸ್ವಲ್ಪವೂ ನಡುಗುವುದಿಲ್ಲ. ಠಸ್ಸೆ ಬಿದ್ದಿದ್ದರೆ ಈ ಗಡ್ಡ ಕಾಣುತ್ತಿತ್ತೇ ಅಂತ ಕೇಳುತ್ತಾರೆ. ಕಾಣುತ್ತಿರಲಿಲ್ಲ, ನಿಜ.

ಸ್ವಾತಂತ್ರ್ಯ ಬಂದು ಐದೇ ವರ್ಷವಾಗಿತ್ತು. ಸ್ವಾತಂತ್ರ್ಯಕ್ಕೆ ಮೊದಲು ಚೀಟಿಯ ಮೇಲೆ ರಾಜರಾಣಿಯರ ತಲೆ ನೋಡಿದ್ದ ಜನರ ಕೈಗೆ ದೇಶವು ನೇಕಾರ ಕಬೀರನ ಮುಖ ಕೊಟ್ಟಿತು. ಅದನ್ನು ನೆನೆದರೆ ನನಗೆ ಈಗಲೂ ಹೆಮ್ಮೆ. ಆದರೆ ಆ ಆರರಲ್ಲಿ ದಕ್ಷಿಣದವರು ಒಬ್ಬರೂ ಇಲ್ಲವಲ್ಲ ಎಂಬ ಕೊರಗೂ ಇದೆ. ತಿರುವಳ್ಳುವರ್ ಮತ್ತು ಸುಬ್ರಹ್ಮಣ್ಯ ಭಾರತಿ ಚೀಟಿಗೆ ಏರಿದ್ದು 1960ರಲ್ಲಿ. ನಮ್ಮ ಪುರಂದರದಾಸರು 1964ರ ಜನವರಿ 14ರಂದು, ಅವರು ಕಾಲವಾಗಿ 400 ವರ್ಷವಾದ ನೆನಪಿಗೆ. ಬಸವಣ್ಣನವರು 1967ರ ಮೇ ತಿಂಗಳಲ್ಲಿ.

ಆ ಬಸವಣ್ಣನವರ ಚೀಟಿಯೇ ನನ್ನ ವಾದಕ್ಕೆ ಮೂಲ. ರಾಯರ ಬಳಿಯೂ ಅದಿದೆ, ನನ್ನ ಬಳಿಯೂ ಇದೆ. ಅವರದು ಮಚ್ಚೆಯಿಲ್ಲದ ಚೀಟಿ. ನನ್ನದು ಲಕೋಟೆಯ ಸಮೇತ. ನಮ್ಮ ತಂದೆಗೆ ಅವರ ಅಕ್ಕ, ಅಂದರೆ ನನ್ನ ಸೋದರತ್ತೆ, ಬಿಜಾಪುರದ ಕಡೆಯಿಂದ ಬರೆದ ಕಾಗದ. ಆಗ ಮಾಮೂಲಿ ಕಾಗದಕ್ಕೆ 15 ಪೈಸೆ, ಚೀಟಿಯ ಬೆಲೆಯೂ ಅಷ್ಟೇ. ಲಕೋಟೆ ಈಗ ಚಹಾದ ಬಣ್ಣಕ್ಕೆ ತಿರುಗಿದೆ. ಬಲಮೂಲೆಯಲ್ಲಿ ಚೀಟಿ ಕೊಂಚ ವಾಲಿದೆ, ಅತ್ತೆ ಅವಸರದಲ್ಲಿ ಅಂಟಿಸಿರಬೇಕು. ಚೀಟಿಯ ಕೆಳಗಿನ ಎಡ ಅಂಚಿನಲ್ಲಿ ಒಂದು ಹಲ್ಲು ಮುರಿದಿದೆ. ಅದರ ಮೇಲೆ ದುಂಡನೆಯ ಠಸ್ಸೆ. ಅರ್ಧ ಚೀಟಿಯ ಮೇಲೆ, ಅರ್ಧ ಲಕೋಟೆಯ ಮೇಲೆ. ತಾರೀಕು ಅಳಿಸಿದೆ, ಆದರೆ ಊರಿನ ಹೆಸರಿನಲ್ಲಿ ‘ಬಾಗೇವಾಡಿ’ ಎಂಬಷ್ಟನ್ನು ಸ್ಪಷ್ಟವಾಗಿ ಓದಬಹುದು. ಬಸವಣ್ಣನವರು ಹುಟ್ಟಿದ ಊರು! ಅವರ ಮುಖದ ಮೇಲೆ ಅವರೂರಿನ ಹೆಸರು.

ಅತ್ತೆಗೆ ಇದ್ಯಾವುದೂ ಗೊತ್ತಿರಲಾರದು. ಯಾವುದೋ ಮದುವೆಗೋ ಜಾತ್ರೆಗೋ ಬಾಗೇವಾಡಿಗೆ ಹೋದವರು ಅಲ್ಲಿಂದಲೇ ಕಾಗದ ಹಾಕಿದ್ದಾರೆ. ಒಳಗಿರುವುದು ಸಂಸಾರದ ಸಮಾಚಾರ. ಆ ವರ್ಷದ ಜೋಳ ಹೇಗೆ ಬಂತು, ಮಗಳನ್ನು ನೋಡಲು ಬಂದವರು ಏನಂದರು, ಮೈಸೂರಿನ ಕಡೆಯಿಂದ ಬರುವವರಿದ್ದರೆ ಎರಡು ಸೀರೆ ತರಲಿ. ಕೊನೆಯಲ್ಲಿ ಜಾಗ ಸಾಲದೆ ಅಂಚಿನುದ್ದಕ್ಕೂ ಅಡ್ಡಡ್ಡ ಬರೆದಿದ್ದಾರೆ. ಅಂಚೆಪೇದೆಯೊಬ್ಬ ಎಣ್ಣೆಮಸಿಯ ಮೆತ್ತೆಗೆ ಠಸ್ಸೆ ಒತ್ತಿ ಇದರ ಮೇಲೆ ಕುಟ್ಟಿದ ಆ ಒಂದು ಗಳಿಗೆಯಲ್ಲಿ ಎಂಟುನೂರು ವರ್ಷದ ಹಿಂದಿನ ವಚನಕಾರನೂ ನಮ್ಮತ್ತೆಯ ಜೋಳವೂ ಒಂದೇ ಕಾಗದದ ಮೇಲೆ ಸೇರಿದವು. ಇಂಥದ್ದನ್ನು ಯಾವ ಅಚ್ಚುಕೂಟ ಅಚ್ಚುಹಾಕೀತು?

ಇದನ್ನು ರಾಯರಿಗೆ ತೋರಿಸಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ “ಇದಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕ್ಬೇಡಿ, ಅಗ್ಗದ ಪ್ಲಾಸ್ಟಿಕ್ಕು ಶಾಯಿ ಹೀರುತ್ತೆ. ನಾನು ಒಳ್ಳೇದು ಕೊಡ್ತೀನಿ” ಅಂದರು. ಮಾರನೆಯ ದಿನ ಕಾಂಪೌಂಡಿನ ಮೇಲೆ ಹೊದಿಕೆ ಬಂದು ಕೂತಿತ್ತು.

ಇಂಥ ಲಕೋಟೆ ಸಿಕ್ಕರೆ ಚೀಟಿಯನ್ನು ಬಿಡಿಸಲೇಬಾರದು. ಠಸ್ಸೆಯಲ್ಲಿ ಊರು, ತಾರೀಕು ಓದುವಂತಿದ್ದರೆ ಲಕೋಟೆಯನ್ನು ಇಡಿಯಾಗಿ ಇಟ್ಟುಕೊಳ್ಳಿ. ಉಳಿದವನ್ನು ಬಿಡಿಸಬಹುದು. ಸುತ್ತ ಒಂದು ಬೆರಳು ಕಾಗದ ಬಿಟ್ಟು ಕತ್ತರಿಸಿ, ಅಗಲ ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರಿಗೆ ಹಾಕಬೇಕು. ಎಳೆಯಲು ಹೋಗಬಾರದು. ಗೋಂದು ಕರಗಿ ಚೀಟಿ ತಾನಾಗಿ ಜಾರುವತನಕ ಕಾಯುವುದೇ ವಿದ್ಯೆ. ಆಮೇಲೆ ಚಪ್ಪಟೆ ಮೂತಿಯ ಚಿಮಟದಲ್ಲಿ ಎತ್ತಿ, ಬ್ಲಾಟಿಂಗ್ ಕಾಗದದ ಮೇಲೆ ಮುಖ ಕೆಳಗಾಗಿ ಮಲಗಿಸಿ, ಅರೆಬರೆ ಒಣಗಿದ ಮೇಲೆ ದಪ್ಪ ಪುಸ್ತಕದಡಿ ಇಡಬೇಕು. ಕೆಂಪು, ಹಳದಿ ಲಗ್ನಪತ್ರಿಕೆಯ ಲಕೋಟೆಗಳನ್ನು ಬೇರೆಯವುಗಳ ಜೊತೆ ನೆನೆಹಾಕಿದರೆ ತಟ್ಟೆಯ ಚೀಟಿಗಳೆಲ್ಲ ಓಕುಳಿಯಾಡಿಬಿಡುತ್ತವೆ. ನಮ್ಮ ಬೀದಿಯ ಮಕ್ಕಳಿಗೆ ಇದನ್ನು ಹೇಳಿಕೊಟ್ಟಿದ್ದೇನೆ. ಪುಸ್ತಕದಡಿಯಿಂದ ಚೀಟಿ ತೆಗೆದು “ಇವರ್ಯಾರು?” ಅಂತ ಕೇಳುತ್ತವೆ. ಅಲ್ಲಿಂದ ಮುಂದೆ ಕಥೆ ನನ್ನ ಕೆಲಸ.

ಗಾಲಿಬ್ ಬಗ್ಗೆ ಹೇಳಲು ನನಗೆ ವಿಶೇಷ ಪ್ರೀತಿ. ಗಜಲುಗಳಿಗಾಗಿ ಲೋಕ ಅವರನ್ನು ಬಲ್ಲುದು. ಆದರೆ ಉರ್ದು ಗದ್ಯಕ್ಕೆ ಅವರು ಕೊಟ್ಟ ದೊಡ್ಡ ಕಾಣಿಕೆ ಕಾಗದಗಳು. ಹಳೆಯ ಪತ್ರಗಳ ಉದ್ದುದ್ದ ಒಕ್ಕಣೆ, ಬಿರುದುಬಾವಲಿಗಳನ್ನೆಲ್ಲ ಕಿತ್ತೆಸೆದು, ಎದುರಿಗೆ ಕೂತವರ ಜೊತೆ ಮಾತಾಡುವ ಹಾಗೆ ಬರೆದರು. 1857ರ ದಂಗೆಯ ಮೇಲೆ ದೆಹಲಿ ಬರಿದಾದಾಗ, ಗೆಳೆಯರು ಸತ್ತು ಚೆದುರಿಹೋದಾಗ, ಅವರಿಗೆ ಜೊತೆಯಾಗಿ ಉಳಿದದ್ದು ಅಂಚೆ. ಹರಗೋಪಾಲ ತಫ್ತಾ ಮೊದಲಾದ ಶಿಷ್ಯರಿಗೆ, ಗೆಳೆಯರಿಗೆ ಬರೆದ ಆ ಕಾಗದಗಳು ‘ಊದ್-ಎ-ಹಿಂದೀ’, ‘ಉರ್ದು-ಎ-ಮುಅಲ್ಲಾ’ ಎಂಬ ಸಂಕಲನಗಳಾಗಿ 1868-69ರಲ್ಲಿ ಅಚ್ಚಾದವು. ಗಾಲಿಬ್ ತೀರಿಕೊಂಡದ್ದು 1869ರ ಫೆಬ್ರವರಿಯಲ್ಲಿ. ನೂರು ವರ್ಷ ತುಂಬಿದಾಗ ನಮ್ಮ ಅಂಚೆ ಇಲಾಖೆ ಇನ್ನೊಂದು ಚೀಟಿ ತಂದಿತು, 20 ಪೈಸೆಯದು. ಅಂಚೆಯ ದಾರಿ ಕಾಯುತ್ತ ಬದುಕಿದ ಮನುಷ್ಯನ ಚೀಟಿಯನ್ನು ಕಾಗದಕ್ಕೆ ಅಂಟಿಸದೆ ಇಡುವುದೆಂದರೆ ನನ್ನ ಮನಸ್ಸು ಒಪ್ಪುವುದಿಲ್ಲ ರಾಯರೇ, ಏನಾದರೂ ಹೇಳಿ.

ಅಂಚೆ ಇಲಾಖೆಯ ಅನ್ನ ಉಂಡ ಲೇಖಕರೂ ಕಡಿಮೆಯಿಲ್ಲ. ‘ನೀಲದರ್ಪಣ’ ನಾಟಕದಲ್ಲಿ ನೀಲಿ ಬೆಳೆಸುವ ರೈತರ ಗೋಳನ್ನು ತೆರೆದಿಟ್ಟ ಬಂಗಾಳದ ದೀನಬಂಧು ಮಿತ್ರ ಅಂಚೆ ಇಲಾಖೆಯ ನೌಕರ. ಆ ಕೆಲಸದ ಮೇಲೆ ಊರೂರು ತಿರುಗಿದವರು. ಇಂಗ್ಲೆಂಡಿನ ಆಂಥನಿ ಟ್ರೊಲೋಪ್ ಬೆಳಗಿನ ಜಾವ ಎದ್ದು, ಗಡಿಯಾರ ಮುಂದಿಟ್ಟುಕೊಂಡು, ಕಾಲುಗಂಟೆಗೆ 250 ಪದದಂತೆ ಕಾದಂಬರಿ ಬರೆದು, ಆಮೇಲೆ ಅಂಚೆ ಕೆಲಸಕ್ಕೆ ಹೋಗುತ್ತಿದ್ದರು. ಬೀದಿಯಲ್ಲಿ ಕಂಬದಂಥ ಅಂಚೆಪೆಟ್ಟಿಗೆ ನಿಲ್ಲಿಸಬೇಕೆಂದು ಶಿಫಾರಸು ಮಾಡಿ, 1852ರಲ್ಲಿ ಜೆರ್ಸಿ ದ್ವೀಪದಲ್ಲಿ ಅದು ಆಗುವಂತೆ ಮಾಡಿದವರೂ ಅವರೇ. ಫ್ರಾನ್ಸಿನ ಸೇಂತ್-ಎಕ್ಸೂಪೆರಿ ಸಹರಾ ಮರಳುಗಾಡಿನ ಮೇಲೆ ಅಂಚೆ ವಿಮಾನ ಹಾರಿಸಿದವರು. 1944ರಲ್ಲಿ ಯುದ್ಧದ ಹಾರಾಟಕ್ಕೆ ಹೋದವರು ಹಿಂದಿರುಗಲಿಲ್ಲ. ನಾಲ್ಕು ವರ್ಷದ ಮೇಲೆ ಅವರ ದೇಶ ಅವರ ಮುಖವನ್ನು ವಿಮಾನ ಅಂಚೆಯ ಚೀಟಿಗೇ ಹಾಕಿತು. ಎಷ್ಟು ಸರಿಯಾದ ಜಾಗ!

ಅಮೆರಿಕದ ವಿಲಿಯಂ ಫಾಕ್ನರ್ ಕಥೆ ಇನ್ನೊಂದು ಬಗೆ. 1921ರಿಂದ 24ರವರೆಗೆ ಮಿಸಿಸಿಪಿ ವಿಶ್ವವಿದ್ಯಾಲಯದ ಅಂಚೆ ಕಚೇರಿಯಲ್ಲಿ ಪೋಸ್ಟ್‌ಮಾಸ್ಟರಾಗಿದ್ದರು. ಕೆಲಸದ ಹೊತ್ತಿನಲ್ಲಿ ಓದುವುದು, ಬರೆಯುವುದು, ಗೆಳೆಯರೊಡನೆ ಇಸ್ಪೀಟು. ಜನರಿಗೆ ಬಂದ ಪತ್ರಿಕೆಗಳನ್ನು ಮೊದಲು ತಾವು ಓದಿ ಆಮೇಲೆ ಹಂಚುತ್ತಿದ್ದರಂತೆ. ದೂರುಗಳು ಬಂದವು, ವಿಚಾರಣೆಗೆ ಇನ್‌ಸ್ಪೆಕ್ಟರೂ ಬಂದರು. ಎರಡು ಕಾಸಿನ ಚೀಟಿ ಕೊಳ್ಳಲು ಬರುವವರ ಕರೆಗೆಲ್ಲ ಓಗೊಡುವುದು ತಮ್ಮಿಂದಾಗದು ಎಂಬ ಅರ್ಥದ ಖಾರದ ಕಾಗದ ಬರೆದು ಫಾಕ್ನರ್ ಹೊರನಡೆದರು. 1987ರಲ್ಲಿ ಅದೇ ಅಂಚೆ ಇಲಾಖೆ ಅವರ ಊರಾದ ಆಕ್ಸ್‌ಫರ್ಡಿನಲ್ಲಿ ಅವರ ಹೆಸರಿನ 22 ಸೆಂಟಿನ ಚೀಟಿ ಬಿಡುಗಡೆ ಮಾಡಿತು. ಇಲಾಖೆಯ ಈ ದೊಡ್ಡ ಮನಸ್ಸನ್ನು ನಾನು ಮೆಚ್ಚುತ್ತೇನೆ. ಕಾದಂಬರಿಗಳ ಮುಂದೆ ಹಳೆಯ ಜಗಳ ಸಣ್ಣದು ಅಂತ ಕಂಡುಕೊಳ್ಳಲು ಒಂದು ಸರ್ಕಾರಿ ಕಚೇರಿಗೆ ಸಾಧ್ಯವಾಯಿತಲ್ಲ.

ಎಲ್ಲ ದೇಶಗಳ ಮನಸ್ಸೂ ಹೀಗೆ ಬೇಗ ತೆರೆದುಕೊಳ್ಳಲಿಲ್ಲ. ಲೋಕಕ್ಕೆ ಮೊದಲ ಅಂಚೆಚೀಟಿ ಕೊಟ್ಟದ್ದು ಬ್ರಿಟನ್, 1840ರಲ್ಲಿ. ಆದರೆ ರಾಜಮನೆತನದವರಲ್ಲದ ಒಬ್ಬರ ಮುಖ ಅಲ್ಲಿನ ಚೀಟಿಯ ಮೇಲೆ ಬರಲು 1964 ಆಗಬೇಕಾಯಿತು. ಆ ಒಬ್ಬರು ಶೇಕ್ಸ್‌ಪಿಯರ್, ಹುಟ್ಟಿ 400 ವರ್ಷ ತುಂಬಿದ ನೆಪದಲ್ಲಿ. ಸ್ಕಾಟ್ಲೆಂಡಿನವರು ತಮ್ಮ ರಾಬರ್ಟ್ ಬರ್ನ್ಸ್‌ಗೆ ಒಂದು ಚೀಟಿ ಬೇಕೆಂದು ಕೇಳುತ್ತಲೇ ಇದ್ದರು. ಲಂಡನ್ನು ಕೊಡುವ ಮೊದಲೇ, 1956ರಲ್ಲಿ ಸೋವಿಯತ್ ಒಕ್ಕೂಟ ಬರ್ನ್ಸ್ ಚೀಟಿ ಹೊರಡಿಸಿಬಿಟ್ಟಿತು! ರೈತನ ಮಗನಾಗಿ ಉತ್ತು ಬಿತ್ತಿದ ಆ ಕವಿ ರಷ್ಯನ್ ಅನುವಾದದಲ್ಲಿ ಅಲ್ಲಿನವರಿಗೆ ಅಷ್ಟು ಹತ್ತಿರವಾಗಿದ್ದ. ಸ್ವಂತ ದೇಶದ ಚೀಟಿ ಬಂದದ್ದು 1966ರಲ್ಲಿ, ಹತ್ತು ವರ್ಷ ತಡವಾಗಿ. ನಾವೂ ಹೊರಗಿನವರನ್ನು ಮರೆತವರಲ್ಲ. ಗಾರ್ಕಿಗೆ 1968ರಲ್ಲಿ, ಟಾಲ್‌ಸ್ಟಾಯ್‌ಗೆ 1978ರಲ್ಲಿ, ಕ್ಯೂಬಾದ ಕವಿ ಹೋಸೆ ಮಾರ್ತಿಗೆ 1997ರಲ್ಲಿ ಭಾರತದ ಚೀಟಿ ಬಂದಿದೆ.

ಅದೇ 1997ರ ಮಾರ್ಚ್ ಕನ್ನಡಿಗರಿಗೆ ಒಳ್ಳೆಯ ತಿಂಗಳು. ಕನ್ನಡದ ಜ್ಞಾನಪೀಠ ಪುರಸ್ಕೃತರೆಂದು ಕುವೆಂಪು, ಬೇಂದ್ರೆ, ಮಾಸ್ತಿ, ಗೋಕಾಕರಿಗೆ ಅಂಚೆ ಇಲಾಖೆ ಗೌರವ ಸಲ್ಲಿಸಿತು. ಅಷ್ಟು ಹೊತ್ತಿಗೆ ಕನ್ನಡಕ್ಕೆ ಬಂದಿದ್ದ ಜ್ಞಾನಪೀಠ ನಾಲ್ಕಲ್ಲ, ಆರು. “ಕಾರಂತರೂ ಅನಂತಮೂರ್ತಿಯವರೂ ಎಲ್ಲಿ?” ಅಂತ ಒಬ್ಬ ಹುಡುಗ ನನ್ನನ್ನು ಕೇಳಿದ್ದ. ಬದುಕಿರುವವರ ಚೀಟಿ ಹಾಕುವ ರೂಢಿ ನಮ್ಮಲ್ಲಿಲ್ಲ. 1960ರಲ್ಲಿ ನೂರನೆಯ ಹುಟ್ಟುಹಬ್ಬಕ್ಕೆ ವಿಶ್ವೇಶ್ವರಯ್ಯನವರ ಚೀಟಿ ಬಂದಂಥ ಕೆಲವು ಉದಾಹರಣೆಗಳನ್ನು ಬಿಟ್ಟರೆ ಈ ಕಟ್ಟಳೆ ನಡೆದುಬಂದಿದೆ. ಆ ಮಾರ್ಚಿನಲ್ಲಿ ಕಾರಂತರು ನಮ್ಮ ನಡುವೆಯೇ ಇದ್ದರು, ತೀರಿಕೊಂಡದ್ದು ಡಿಸೆಂಬರಿನಲ್ಲಿ. ಆ ಸಾಲಿನಲ್ಲಿ ಕಾರಂತರ ಮುಖ ಇಲ್ಲದಿರುವುದನ್ನು ನೋಡಿದಾಗೆಲ್ಲ ನನಗೆ ಸಂತೋಷವಾಗುತ್ತದೆ. ಅಷ್ಟು ಹೊತ್ತಿಗೆ ಅವರು ಇನ್ನೂ ಓಡಾಡಿಕೊಂಡಿದ್ದರು ಎಂಬುದಕ್ಕೆ ಅದು ದಾಖಲೆ. ಇದಕ್ಕೂ ಮೊದಲು, 1988ರಲ್ಲಿ ಡಿವಿಜಿಯವರ ಚೀಟಿ ಬಂದಿತ್ತು. 2017ರಲ್ಲಿ ಹೆಸರಾಂತ ಲೇಖಕರ ಮಾಲೆಯಲ್ಲಿ ಭೀಷ್ಮ ಸಾಹನಿ, ಶ್ರೀಲಾಲ್ ಶುಕ್ಲ, ಕೃಷನ್ ಚಂದರ್ ಮೊದಲಾದವರ ಜೊತೆ ಕುವೆಂಪು ಮತ್ತೆ ಬಂದರು.

ಆ ಕುವೆಂಪು ಚೀಟಿಗೆ ನಾನು ಠಸ್ಸೆ ಹಾಕಿಸಿದ್ದು ಹೀಗೆ. ಅಮೆರಿಕದಲ್ಲಿ 1940ರಲ್ಲಿ 35 ಹೆಸರಾಂತರ ಚೀಟಿಗಳು ಬಂದಾಗ ಮಾರ್ಕ್ ಟ್ವೈನ್‌ರ ಚೀಟಿಗೆ ಮೊದಲ ದಿನದ ಠಸ್ಸೆ ಬಿದ್ದದ್ದು ಅವರು ಬಾಲ್ಯ ಕಳೆದ ಹ್ಯಾನಿಬಲ್ ಎಂಬ ನದೀತೀರದ ಊರಿನಲ್ಲಿ. 1979ರಲ್ಲಿ ಸ್ಟೈನ್‌ಬೆಕ್ ಚೀಟಿಗೆ ಅವರು ಹುಟ್ಟಿದ ಸಲೀನಾಸ್‌ನಲ್ಲಿ. ನಮ್ಮ ಬಾಗೇವಾಡಿಯ ಲಕೋಟೆ ಆಕಸ್ಮಿಕವಾಗಿ ಆದದ್ದು, ಅವರು ಬೇಕೆಂದೇ ಮಾಡಿದ್ದಾರೆ. ನಾವೂ ಮಾಡಬಹುದಲ್ಲ ಅನ್ನಿಸಿತು. ಬೆಂಗಳೂರಿನ ಜಿಪಿಓದಲ್ಲಿ ಸಂಗ್ರಾಹಕರಿಗೆಂದೇ ಫಿಲಾಟಲಿ ಬ್ಯೂರೋ ಇದೆ. ಅಲ್ಲಿ ಕೊಂಡಿದ್ದ ಕುವೆಂಪು ಚೀಟಿಯನ್ನು ಲಕೋಟೆಗೆ ಅಂಟಿಸಿಕೊಂಡು, ಅವರ ಊರಾದ ಕುಪ್ಪಳಿ ನೋಡಲು ಹೋದಾಗ ತೀರ್ಥಹಳ್ಳಿಯ ಅಂಚೆ ಕಚೇರಿಗೆ ಹೋದೆ. ಕೌಂಟರಿನ ಹುಡುಗಿ ಬಾರ್‌ಕೋಡಿನ ಚೀಟಿ ಮೆತ್ತಲು ಕೈಗೆ ತೆಗೆದುಕೊಂಡಿದ್ದಳು. “ಬೇಡಮ್ಮಾ, ಇದು ಸಾದಾ ಕಾಗದ. ಠಸ್ಸೆ ಮಾತ್ರ ನಿಧಾನವಾಗಿ, ಊರಿನ ಹೆಸರು ಕಾಣೋ ಹಾಗೆ ಒತ್ತು” ಅಂದೆ. ಆಕೆ ಚೀಟಿಯತ್ತ ನೋಡಿ, ಮಸಿಯ ಮೆತ್ತೆ ಬದಲಿಸಿ, ಮೊದಲು ಒಂದು ರದ್ದಿ ಕಾಗದದ ಮೇಲೆ ಎರಡು ಸಲ ಒತ್ತಿ ನೋಡಿ, ಆಮೇಲೆ ಚೀಟಿಯ ಮೂಲೆಗೆ, ಮುಖಕ್ಕೆ ತಾಗದ ಹಾಗೆ ಒತ್ತಿದಳು. ಅಷ್ಟು ಚೆಂದದ ಠಸ್ಸೆ ನನ್ನ ಸಂಗ್ರಹದಲ್ಲಿ ಇನ್ನೊಂದಿಲ್ಲ. ಕಾಗದ ಬರೆದಿದ್ದು ರಾಯರ ವಿಳಾಸಕ್ಕೆ. ತಲುಪಿದ ದಿನ ಅವರು ಅದನ್ನು ಹರಿಯಲಿಲ್ಲ. ಬ್ಲೇಡಿನಿಂದ ಒಂದು ಬದಿ ಮಾತ್ರ ಸೀಳಿ, ಓದಿ, ಲಕೋಟೆಯನ್ನು ತಮ್ಮಲ್ಲೇ ಇಟ್ಟುಕೊಂಡಿದ್ದಾರೆ. ಆಲ್ಬಂಗೆ ಸೇರಿಸಿದ್ದಾರೋ ಇಲ್ಲವೋ ಹೇಳುವುದಿಲ್ಲ.

ಮಾಸ್ತಿಯವರ ಚೀಟಿಗೆ ಮಾಲೂರು ತಾಲೂಕಿನ ಮಾಸ್ತಿಯಿಂದ, ಗೋಕಾಕರಿಗೆ ಸವಣೂರಿನಿಂದ, ಬೇಂದ್ರೆಯವರಿಗೆ ಧಾರವಾಡದಿಂದ, ಡಿವಿಜಿಯವರಿಗೆ ಮುಳಬಾಗಿಲಿನಿಂದ ಠಸ್ಸೆ ಬೀಳಬೇಕೆಂದು ನನ್ನಾಸೆ. ಆ ಕಡೆಗಳಲ್ಲಿ ನೆಂಟರಿರುವವರು ಹೇಳಿ.

ಟಾಗೋರರ ಚೀಟಿಗಳದ್ದೇ ಒಂದು ದೊಡ್ಡ ಸಂಸಾರ. ನೂರನೆಯ ವರ್ಷವೆಂದು 1961ರಲ್ಲಿ ನಮ್ಮ ದೇಶದ ಜೊತೆ ಸೋವಿಯತ್ ಒಕ್ಕೂಟ, ಅರ್ಜೆಂಟೀನಾ, ಬ್ರೆಜಿಲ್ ಕೂಡ ಚೀಟಿ ತಂದವು. ಅರವತ್ತು ವರ್ಷದ ಹಿಂದೆ ನೊಬೆಲ್ ಪಡೆದವರನ್ನು ವರ್ಷ ವರ್ಷ ನೆನೆಯುತ್ತಿದ್ದ ಸ್ವೀಡನ್, 1973ರಲ್ಲಿ ಅವರ ಮುಖ ಹಾಕಿತು. ಆದರೆ ಟಾಗೋರರಿಗೂ ಅಂಚೆಗೂ ಇರುವ ನಂಟು ಚೀಟಿಗಿಂತ ಹಳೆಯದು, ಆಳವಾದದ್ದು. ಜಮೀನುದಾರಿಕೆ ನೋಡಿಕೊಳ್ಳಲು ಶಹಜಾದ್‌ಪುರದಲ್ಲಿದ್ದಾಗ ಅವರ ಕಟ್ಟಡದಲ್ಲೇ ಅಂಚೆ ಕಚೇರಿಯಿತ್ತು. ‘ಪೋಸ್ಟ್‌ಮಾಸ್ಟರ್’ ಕಥೆ ಹುಟ್ಟಿದ್ದು ಅಲ್ಲಿನ ಒಡನಾಟದಿಂದ. ‘ಡಾಕ್‌ಘರ್’ ನಾಟಕದ ಅಮಲ್ ಕಾಯಿಲೆಯ ಹುಡುಗ. ವೈದ್ಯರು ಹೊರಗೆ ಬಿಡುವುದಿಲ್ಲ. ಕಿಟಕಿಯಾಚೆ ಹೊಸದಾಗಿ ಬಂದ ರಾಜನ ಅಂಚೆ ಕಚೇರಿ ನೋಡುತ್ತ, ತನಗೂ ಒಂದು ದಿನ ರಾಜನ ಕಾಗದ ಬರುತ್ತದೆ ಅಂತ ಕಾಯುತ್ತಾನೆ.

ಆ ನಾಟಕವನ್ನು 1942ರ ಜುಲೈನಲ್ಲಿ ವಾರ್ಸಾದ ಯಹೂದಿ ಕೇರಿಯ ಅನಾಥಾಲಯದಲ್ಲಿ ಮಕ್ಕಳು ಆಡಿದರು. ನಾಜಿಗಳು ಸುತ್ತ ಗೋಡೆ ಕಟ್ಟಿ ಲಕ್ಷಾಂತರ ಜನರನ್ನು ಕೂಡಿಹಾಕಿದ್ದ ಕೇರಿ ಅದು. ಅನಾಥಾಲಯ ನಡೆಸುತ್ತಿದ್ದ ಯಾನುಷ್ ಕೊರ್ಚಾಕ್ ವೈದ್ಯ, ಮಕ್ಕಳಿಗಾಗಿ ಬರೆದ ಲೇಖಕ. ಮುಂದೇನೆಂದು ಅವರಿಗೆ ತಿಳಿದಿತ್ತು. ಕೆಲವೇ ವಾರಗಳಲ್ಲಿ ಮಕ್ಕಳನ್ನೆಲ್ಲ ಟ್ರೆಬ್ಲಿಂಕಾದ ಸಾವಿನ ಶಿಬಿರಕ್ಕೆ ಒಯ್ದರು. ಕೊರ್ಚಾಕ್ ಮಕ್ಕಳ ಕೈ ಬಿಡದೆ ಜೊತೆಗೇ ಹೋದರು. ಅವರ ನೆನಪಿಗೂ ಪೋಲೆಂಡ್ ಚೀಟಿ ಹಾಕಿದೆ. ಟಾಗೋರ್ ಮತ್ತು ಕೊರ್ಚಾಕ್ ಇಬ್ಬರನ್ನೂ ನನ್ನ ಆಲ್ಬಂನಲ್ಲಿ ಎದುರುಬದುರು ಪುಟಗಳಲ್ಲಿ ಇಟ್ಟಿದ್ದೇನೆ. ದೇಶದ ಪ್ರಕಾರ, ವರ್ಷದ ಪ್ರಕಾರ ಜೋಡಿಸಬೇಕೆಂಬುದು ರಾಯರ ಶಿಸ್ತು. ಈ ಎರಡು ಪುಟಗಳ ಬಗ್ಗೆ ಮಾತ್ರ ಅವರು ಚಕಾರ ಎತ್ತಿಲ್ಲ.

ಹೆಣ್ಣುಮಕ್ಕಳು ಕಡಿಮೆ, ಅದು ನನ್ನ ನಿಜವಾದ ತಕರಾರು. ಮೀರಾ ಮೊದಲ ಮಾಲೆಯಲ್ಲೇ ಬಂದಳು. ಸುಭದ್ರಾಕುಮಾರಿ ಚೌಹಾನ್ 1976ರಲ್ಲಿ, ಮಹಾದೇವಿ ವರ್ಮಾ 1991ರಲ್ಲಿ, ಆಶಾಪೂರ್ಣಾ ದೇವಿ 1998ರಲ್ಲಿ. ಕನ್ನಡದ ಪುಟಕ್ಕೆ ಬಂದರೆ ನನ್ನ ಆಲ್ಬಂನಲ್ಲಿ ಇರುವವರೆಲ್ಲ ಗಂಡಸರು.

ಅದಕ್ಕೇ ಈಗ ರಾಯರನ್ನು ಒಂದು ಕೆಲಸಕ್ಕೆ ಎಳೆದಿದ್ದೇನೆ. ಮೈಸೂರು ಸೀಮೆಯಲ್ಲಿ ಅಂಚೆ ವ್ಯವಸ್ಥೆ ಶುರುವಾದದ್ದು 17ನೆಯ ಶತಮಾನದಲ್ಲಿ, ಚಿಕ್ಕದೇವರಾಜ ಒಡೆಯರ ಕಾಲದಲ್ಲಿ. 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಂದಿಗೆ ಸೇರುವತನಕ ಅದು ಸ್ವಂತ ಕಾಲ ಮೇಲೆ ನಡೆಯಿತು. ಅದೇ ಚಿಕ್ಕದೇವರಾಜರ ಅರಮನೆಯಲ್ಲಿ ರಾಣಿಯ ಎಲೆಅಡಿಕೆಯ ಸಂಚಿ ಹಿಡಿಯುತ್ತಿದ್ದ ಹೆಣ್ಣುಮಗಳು ಹೊನ್ನಮ್ಮ. ಸಂಚಿ ಹಿಡಿದ ಕೈಯಲ್ಲೇ ‘ಹದಿಬದೆಯ ಧರ್ಮ’ ಬರೆದು, ಹೆಣ್ಣನ್ನು ಹೀಗಳೆಯುವವರನ್ನು ಅಷ್ಟು ಹಿಂದೆಯೇ ಮುಖಕ್ಕೆ ಮುಖ ಕೊಟ್ಟು ಕೇಳಿದವಳು. ಅಂಚೆ ಹುಟ್ಟಿದ ಆಸ್ಥಾನದ ಕವಯಿತ್ರಿಗೆ ಅಂಚೆಚೀಟಿಯಲ್ಲಿ ಜಾಗ ಬೇಡವೇ? ಯಾರ ಚೀಟಿ ಬರಬೇಕೆಂದು ಸಾಮಾನ್ಯ ಜನರೂ ಅಂಚೆ ಇಲಾಖೆಗೆ ಪ್ರಸ್ತಾವ ಕಳಿಸಬಹುದು, ಅದನ್ನು ಪರಿಶೀಲಿಸಲು ಫಿಲಾಟಲಿ ಸಲಹಾ ಸಮಿತಿಯಿದೆ. ರಾಯರ ಕೈಬರಹ ಮುತ್ತು ಪೋಣಿಸಿದಂತೆ, ಬ್ಯಾಂಕಿನಲ್ಲಿ ಅರ್ಜಿಗಳನ್ನು ಓದಿ ಓದಿ ಒಕ್ಕಣೆಯೂ ಚೆನ್ನಾಗಿ ಬರುತ್ತದೆ. ಕರಡು ಅವರೇ ಬರೆಯುತ್ತಿದ್ದಾರೆ.

ನಿನ್ನೆ ಬೆಳಿಗ್ಗೆ ಜಗಳ ಬಂದದ್ದು ಬೆಲೆಯ ವಿಚಾರಕ್ಕೆ. “ಇಪ್ಪತ್ತು ರೂಪಾಯಿದು ಕೇಳೋಣ, ದೊಡ್ಡ ಬೆಲೆ ಚೀಟಿಗೆ ಮರ್ಯಾದೆ ಜಾಸ್ತಿ” ಅಂತ ರಾಯರು. ಐದು ರೂಪಾಯಿಯದೇ ಆಗಬೇಕು, ಸಾದಾ ಕಾಗದಕ್ಕೆ ಅಂಟುವುದು ಅದೇ, ಹೊನ್ನಮ್ಮ ಯಳಂದೂರಿನ ಕಡೆಗೂ ಹೋಗಬೇಕು ಬೀದರಿಗೂ ಹೋಗಬೇಕು ಅಂತ ನಾನು. ಅವರು ಪೆನ್ನಿನ ಮುಚ್ಚಳ ಕಚ್ಚುತ್ತ ಯೋಚಿಸಿ, “ಐದು ಅಂತಲೇ ಬರೀತೀನಿ. ಆದ್ರೆ ಬಂದ ದಿನ ಒಂದು ಹಾಳೆ ಪೂರ್ತಿ ನನಗೆ, ಮಸಿ ಸೋಕಿಸ್ದೇ” ಅಂದರು. ಒಂದು ಹಾಳೆ ಅವರಿಗೆ, ಒಂದು ಹಾಳೆ ನನಗೆ ಎಂದು ಒಪ್ಪಂದವಾಗಿದೆ. ನನ್ನ ಹಾಳೆಯ ಚೀಟಿಗಳು ಯಾರ್ಯಾರ ಕಾಗದಕ್ಕೆ ಅಂಟಬೇಕೆಂದು ಈಗಿನಿಂದಲೇ ವಿಳಾಸ ಬರೆದಿಡುತ್ತಿದ್ದೇನೆ. ನಿಮ್ಮದೂ ಇದ್ದರೆ ಕೊಡಿ, ಪಿನ್‌ಕೋಡ್ ಮರೆಯಬೇಡಿ.